ಶಿಶ್ನದ ಕ್ಯಾನ್ಸರ್: ಅದರ ಅರಿವು ಬೆಳೆದು ಬಂದ ಬಗೆ

ರೋಗಗಳ ಚರಿತ್ರೆಯನ್ನು ವೈದ್ಯರ ಪಾಲಿಗೆ ಬಿಟ್ಟುಬಿಡುವುದು ಇತಿಹಾಸದ ಅಭ್ಯಾಸಿಗಳಲ್ಲಿ ಸಾಮಾನ್ಯವಾದ ರೂಢಿ. ಅದರಲ್ಲಿಯೂ ಗುಹ್ಯಾಂಗದ ವ್ಯಾಧಿಯಾದರೆ ಹೆಸರೆತ್ತಲೂ ಸಂಕೋಚ. ಆದರೆ ಶಿಶ್ನದ ಕ್ಯಾನ್ಸರಿನ ವಿಷಯದಲ್ಲಿ ಈ ಸಂಕೋಚವೇ ಪ್ರಾಣಕ್ಕೆ ಎರವಾಗುವುದುಂಟು. ಆದುದರಿಂದ ಈ ರೋಗದ ಸ್ವರೂಪವನ್ನೂ ಅದರ ಅರಿವು ಬೆಳೆದ ಕ್ರಮವನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಈ ಕ್ಯಾನ್ಸರು ಬಹುಮಟ್ಟಿಗೆ ಶಿಶ್ನದ ತುದಿಯಲ್ಲಿ ಅಥವಾ ಮುಂದೊಗಲಿನ ಒಳಮೈಯಲ್ಲಿ, ಚರ್ಮದ ಮೇಲ್ಪದರದ ಚಪ್ಪಟೆ ಜೀವಕೋಶಗಳಿಂದ ಹುಟ್ಟುತ್ತದೆ. ಕೆಂಪು ಮಚ್ಚೆ, ಸಣ್ಣ ಗಂಟು, ಮಾಯದ ಹುಣ್ಣು, ಮುಂದೊಗಲಿನ ಅಡಿಯಿಂದ ದುರ್ವಾಸನೆಯ ಸ್ರಾವ ಇವು ಅದರ ಮೊದಲ ಚಿಹ್ನೆಗಳು. ಆರಂಭದಲ್ಲಿ ನೋವು ಇಲ್ಲದಿರುವುದೂ ಉಂಟು. ಯೂರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ವಿರಳವಾದ ಈ ರೋಗ ದಕ್ಷಿಣ ಅಮೆರಿಕ, ಆಫ್ರಿಕ ಮತ್ತು ಭಾರತಗಳ ಕೆಲವು ಭಾಗಗಳಲ್ಲಿ ಹೆಚ್ಚಾಗಿ ಕಾಣಬರುತ್ತದೆ.

ನಮ್ಮ ಪ್ರಾಚೀನರು ಈ ಅಂಗದ ವ್ಯಾಧಿಗಳನ್ನು ನಾಚಿಕೆಯಿಂದ ಮರೆಮಾಡಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನವು ಶೂಕದೋಷಗಳೆಂಬ ಶಿಶ್ನರೋಗಗಳಲ್ಲಿ ಮಾಂಸಾರ್ಬುದವನ್ನು ಎಣಿಸುತ್ತದೆ. ಅದೇ ಇಂದಿನ ಕ್ಯಾನ್ಸರೆಂದು ಹೇಳಿಬಿಡುವುದು ಸಾಹಸವಾದೀತು. ಆದರೆ ಮುಂದೊಗಲು ಬಿಗಿದು ಹಿಂದಕ್ಕೆ ಸರಿಯದ ಸ್ಥಿತಿಯನ್ನು ಆ ಗ್ರಂಥವು ನಿರುದ್ಧಪ್ರಕಶವೆಂದು ಕರೆದು, ತುಪ್ಪ ಸವರಿದ ನಾಳವನ್ನಿಟ್ಟು ಕ್ರಮವಾಗಿ ಹಿಗ್ಗಿಸುವ ಚಿಕಿತ್ಸೆಯನ್ನು ವಿಧಿಸುತ್ತದೆ. ಫೈಮೋಸಿಸ್ ಎಂಬ ಈ ಸ್ಥಿತಿಯೇ ಕ್ಯಾನ್ಸರಿಗೆ ದಾರಿಮಾಡುವ ಮುಖ್ಯ ಕಾರಣಗಳಲ್ಲಿ ಒಂದೆಂಬುದು ಆಧುನಿಕ ಕಾಲದಲ್ಲಿ ಸ್ಪಷ್ಟವಾಯಿತು.

ಅದು ಸ್ಪಷ್ಟವಾದುದು ಜನಸಮುದಾಯಗಳ ಹೋಲಿಕೆಯಿಂದ. ಶೈಶವದಲ್ಲಿಯೇ ಸುನ್ನತಿಯಾಗುವ ಯೆಹೂದ್ಯರಲ್ಲಿ ಈ ರೋಗ ಅತ್ಯಂತ ವಿರಳವೆಂಬುದನ್ನು ಅಮೆರಿಕದ ವೈದ್ಯ ವೊಲ್ಬಾರ್ಸ್ಟ್ 1932ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದನು. ಮುಂದೊಗಲಿನ ಅಡಿಯಲ್ಲಿ ಶೇಖರವಾಗುವ ಮಲಿನವೇ ಕ್ಯಾನ್ಸರನ್ನು ಹುಟ್ಟಿಸುತ್ತದೆಂಬ ವಾದವೂ ಆ ಕಾಲದಲ್ಲಿ ಬಲವಾಗಿತ್ತು. ಆದರೆ ಅದು ಮುಂದೆ ನಿಲ್ಲಲಿಲ್ಲ. ದೀರ್ಘಕಾಲದ ಉರಿಯೂತವೇ ಹೆಚ್ಚು ಅಪಾಯಕರವೆಂದು ಇಂದು ತಿಳಿಯಲಾಗಿದೆ. ಆದುದರಿಂದ ಮತವಾಗಲಿ ಜಾತಿಯಾಗಲಿ ಇಲ್ಲಿ ನಿರ್ಣಾಯಕವಲ್ಲ. ಸುನ್ನತಿಯಾಗದವರಲ್ಲಿಯೂ ಮುಂದೊಗಲು ಸರಾಗವಾಗಿ ಸರಿದು ಶುಚಿತ್ವ ಪಾಲನೆಯಾದರೆ ಅಪಾಯ ಬಹಳ ಕಡಿಮೆ.

ಮತ್ತೊಂದು ಕಾರಣ ವೈರಾಣು. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಮತ್ತು ಸಹೋದ್ಯೋಗಿಗಳು 1983ರಲ್ಲಿ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ 16ನೆಯ ಪ್ರಭೇದವನ್ನು ಗುರುತಿಸಿದರು. ಆತನಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಶಿಶ್ನದ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟು ಈ ವೈರಾಣುವಿಗೆ ಸಂಬಂಧಿಸಿದವೆಂದು ಅನಂತರ ತಿಳಿದುಬಂದಿತು. ಇದರ ವಿರುದ್ಧ ಲಸಿಕೆ ಈಗ ಲಭ್ಯವಿದೆ. ಧೂಮಪಾನವೂ ಅಪಾಯವನ್ನು ಹೆಚ್ಚಿಸುತ್ತದೆ.

ಕಾರಣದ ಅರಿವಿನಂತೆ ಚಿಕಿತ್ಸೆಯ ಅರಿವೂ ಬೆಳೆಯಿತು. ಈ ಕ್ಯಾನ್ಸರು ಮೊದಲು ಹರಡುವುದು ತೊಡೆಸಂದಿನ ದುಗ್ಧಗ್ರಂಥಿಗಳಿಗೆ. ಪರಾಗ್ವೆಯ ವೈದ್ಯ ರಾಮೋನ್ ಕಬಾನಾಸ್ 1977ರಲ್ಲಿ, ರೋಗವು ಮೊದಲು ಮುಟ್ಟುವ ಗ್ರಂಥಿಯೊಂದುಂಟು, ಅದು ಶುದ್ಧವಾಗಿದ್ದರೆ ಉಳಿದವೂ ಸಾಮಾನ್ಯವಾಗಿ ಶುದ್ಧ ಎಂದು ತೋರಿಸಿ, ಅದನ್ನು ಕಾವಲು ಗ್ರಂಥಿಯೆಂದು ಕರೆದನು. ಆ ಗ್ರಂಥಿಯ ಸ್ಥಾನ ಎಲ್ಲರಲ್ಲಿಯೂ ಒಂದೇ ಅಲ್ಲವೆಂದು ಮುಂದೆ ತಿಳಿದರೂ ತತ್ತ್ವವು ಉಳಿಯಿತು. 1990ರ ದಶಕದಲ್ಲಿ ಅದು ಚರ್ಮದ ಮತ್ತು ಸ್ತನದ ಕ್ಯಾನ್ಸರಿಗೂ ಅನ್ವಯವಾಗಿ, ಅಸಂಖ್ಯಾತ ಸ್ತ್ರೀಯರನ್ನು ಕಂಕುಳಿನ ದೊಡ್ಡ ಶಸ್ತ್ರಕ್ರಿಯೆಯಿಂದ ಪಾರುಮಾಡಿತು. ಹೇಳಲು ಜನ ಹಿಂಜರಿಯುವ ರೋಗವೊಂದರ ಅಭ್ಯಾಸದಿಂದ ಲೋಕಕ್ಕೆ ಆದ ಉಪಕಾರವಿದು.

ಇಷ್ಟೆಲ್ಲ ಅರಿವಿದ್ದೂ ರೋಗಿಯು ಬಾಯಿಬಿಡದಿದ್ದರೆ ಫಲವಿಲ್ಲ. ಆರಂಭದಲ್ಲಿಯೇ ಬಂದವನಿಗೆ ಅಂಗವನ್ನು ಉಳಿಸಿಯೇ ಗುಣಪಡಿಸುವುದು ಬಹುವೇಳೆ ಸಾಧ್ಯ. ಗ್ರಂಥಿಗಳಿಗೆ ಹರಡಿದ ಮೇಲೆ ಬಂದವನಿಗೆ ಅಂಗಚ್ಛೇದವೂ ಪ್ರಾಣಭಯವೂ ಒದಗಬಹುದು. ಈ ಎರಡು ಸ್ಥಿತಿಗಳ ನಡುವೆ ಅನೇಕ ವೇಳೆ ಇರುವ ಅಂತರ ಕೆಲವು ತಿಂಗಳ ನಾಚಿಕೆ ಮಾತ್ರ. ಕೆಲವು ವಾರಗಳಲ್ಲಿ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸುವುದು ಮರ್ಯಾದೆಗೆ ಕುಂದಲ್ಲವೆಂಬ ಮಾತು ಮನೆಮನೆಗೂ ತಲಪಬೇಕಾದುದು ಅವಶ್ಯವೆಂದು ನಾವು ಭಾವಿಸುತ್ತೇವೆ.