ಜವೆ ಗೋಧಿ ಬ್ರೆಡ್‌ಗೆ ಮನೆಯಲ್ಲೇ ಯೀಸ್ಟ್: ಎರಡು ಸಲ ಕೆಡಿಸಿ ಕಲಿತದ್ದು

ನಮ್ಮೂರು ವಿಜಯಪುರ ಜಿಲ್ಲೆಯಲ್ಲಿದೆ. ಹೋದ ಹಿಂಗಾರಿಗೆ ಒಂದು ಎಕರೆ ಜವೆ ಗೋಧಿ ಬಿತ್ತಿದ್ದೆ. ಮನೆಗೆ, ಬೀಜಕ್ಕೆ ಇಟ್ಟುಕೊಂಡು ಉಳಿದದ್ದನ್ನ ವ್ಯಾಪಾರಿ ಹತ್ರ ಒಯ್ದರೆ ಸಾದಾ ಗೋಧಿ ರೇಟೇ ಕೊಡ್ತೀನಿ ಅಂದ. ಚೀಲ ವಾಪಸ್ ತಂದೆ. ಆಗ ಪ್ಯಾಟಿಯಲ್ಲಿರುವ ಅಕ್ಕ ಹೇಳಿದಳು: "ನಮ್ಮ ಓಣಿಯಾಗ ಮನೆ ಯೀಸ್ಟ್ ಹಾಕಿದ ಬ್ರೆಡ್ ಕೇಳ್ತಾರ. ನೀ ಮಾಡಿ ಕೊಡ್ತೀಯೇನು?" ಎಂಟು ಬ್ರೆಡ್‌ಗೆ ರೊಕ್ಕಾನೂ ಮುಂಗಡ ಇಸಕೊಂಡಳು.

ಮೊದಲ ತಪ್ಪು: ಹೊಗೆ ಕೊಟ್ಟ ಮಣೂಕ

ಮೊಬೈಲ್‌ನಲ್ಲಿ ನೋಡಿ ಮಣೂಕ ನೀರಲ್ಲಿ ನೆನೆಹಾಕಿದೆ. ಐದು ದಿನ ಆದರೂ ಒಂದು ಗುಳ್ಳೆ ಬರಲಿಲ್ಲ. ಅದು ಬಂಗಾರದ ಬಣ್ಣ ಬರಲಿ ಅಂತ ಗಂಧಕದ ಹೊಗೆ ಕೊಟ್ಟ ಮಣೂಕ. ಆ ಹೊಗೆ ಹುಳದ ಜೊತೆಗೆ ಯೀಸ್ಟನ್ನೂ ತಡೆಯುತ್ತೆ. ಹಿಟ್ಟಿನಿಂದಲೇ ಮಾಡೋದು ಸುಲಭ, ಯಾಕಂದ್ರೆ ಗೋಧಿ ತೌಡಿನ ಮೇಲೆ ಯೀಸ್ಟ್ ಇದ್ದೇ ಇರುತ್ತೆ.

ಎರಡನೇ ತಪ್ಪು: ಅವಸರ

ಹಿಟ್ಟು-ನೀರು ಕಲಸಿಟ್ಟೆ. ಎರಡನೇ ದಿನಕ್ಕೇ ಉಕ್ಕಿ ಬಂತು. ಯೀಸ್ಟ್ ರೆಡಿ ಅಂತ 4 ಕೆಜಿ ಹಿಟ್ಟು ನಾದಿದೆ. ಎಂಟೂ ಬ್ರೆಡ್ ಕಲ್ಲಾದವು. ರೊಕ್ಕ ವಾಪಸ್ ಕೊಟ್ಟಿದ್ದಾಯ್ತು. ಅವ್ವ ಅವನ್ನ ನೀರಾಗ ನೆನೆಸಿ, "ಎಮ್ಮಿಗೆ ಛಲೋ ಆತು ಬಿಡು" ಅಂದಳು.

ಮೊದಲ ಎರಡು-ಮೂರು ದಿನದ ಉಬ್ಬು ಯೀಸ್ಟಿನದ್ದಲ್ಲ, ಬ್ಯಾಕ್ಟೀರಿಯಾದ್ದು. ಇಡ್ಲಿ ಹಿಟ್ಟು ಉಬ್ಬೋದೂ ಮುಖ್ಯವಾಗಿ ಬ್ಯಾಕ್ಟೀರಿಯಾದಿಂದಲೇ. ಹಿಟ್ಟು ಹುಳಿಯಾದ ಮೇಲೆ ಅವು ಸುಮ್ಮನಾಗ್ತವೆ, ಹುಳಿ ತಡೆಯೋ ಯೀಸ್ಟ್ ಆಮೇಲೆ ಮೇಲೇಳುತ್ತೆ.

ಸರಿಯಾದ ಕ್ರಮ

* 1ನೇ ದಿನ: ಗಿರಣಿಯಿಂದ ಈಗಷ್ಟೇ ತಂದ, ಜರಡಿ ಹಿಡಿಯದ ಗೋಧಿ ಹಿಟ್ಟು 50 ಗ್ರಾಂ, ನೀರು 50 ಗ್ರಾಂ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಕುದಿಸಿ ಆರಿಸಿ. ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಸಡಿಲ ಇಡಿ.
* 2ನೇ ದಿನದಿಂದ ದಿನಾಲೂ: 50 ಗ್ರಾಂ ಉಳಿಸಿಕೊಂಡು ಮಿಕ್ಕಿದ್ದನ್ನ ಗೊಬ್ಬರದ ಗುಂಡಿಗೆ ಹಾಕಿ. ಉಳಿದದ್ದಕ್ಕೆ 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಸೇರಿಸಿ. ಈ ಹೊತ್ತಿಗೆ ಕೆಟ್ಟ ವಾಸನೆ ಬಂದರೆ ಹೆದರಬೇಡಿ.
* 4-5ನೇ ದಿನ: ಗುಳ್ಳೆ ನಿಂತಂಗೆ ಕಾಣುತ್ತೆ. ಬಹಳ ಮಂದಿ ಚೆಲ್ಲೋದು ಇಲ್ಲೇ. ಚೆಲ್ಲಬೇಡಿ.
* 6-10ನೇ ದಿನ: ಹುಳಿಮಿಶ್ರಿತ ಸಿಹಿ ವಾಸನೆ ಬರುತ್ತೆ. ಹಿಟ್ಟಿನ ಮಟ್ಟಕ್ಕೆ ಹೊರಗಿಂದ ರಬ್ಬರ್ ಬ್ಯಾಂಡ್ ಹಾಕಿ. ಮೂರು ಸಲ ಸತತವಾಗಿ 4ರಿಂದ 8 ತಾಸಿನೊಳಗೆ ಎರಡರಷ್ಟು ಉಬ್ಬಿದರೆ ರೆಡಿ.

24ರಿಂದ 28 ಡಿಗ್ರಿ ಇದಕ್ಕೆ ಹಿತ. ನಮ್ಮ ಬೇಸಿಗೆಯಲ್ಲಿ ಬಾಟಲಿಯನ್ನ ನೀರಿನ ಗಡಿಗೆ ಪಕ್ಕ ಇಟ್ಟು, ದಿನಕ್ಕೆ ಎರಡು ಸಲ ಹಿಟ್ಟು ಹಾಕಬೇಕು. ಮೇಲೆ ಬೂದಿ ಬಣ್ಣದ ನೀರು ನಿಂತರೆ ಅದಕ್ಕೆ ಹಸಿವಾಗಿದೆ ಅಂತ ಅರ್ಥ. ಗುಲಾಬಿ, ಕಿತ್ತಳೆ ಬಣ್ಣ ಅಥವಾ ಬೂಸ್ಟು ಕಂಡರೆ ಮಾತ್ರ ಪೂರ್ತಿ ಎಸೆದು, ಬಾಟಲಿ ಬಿಸಿನೀರಲ್ಲಿ ತೊಳೆದು ಹೊಸದಾಗಿ ಶುರುಮಾಡಿ.

ಒಂದು ಬ್ರೆಡ್‌ಗೆ ಲೆಕ್ಕ

ಸಾದಾ ಗೋಧಿ ಹಿಟ್ಟು 350 ಗ್ರಾಂ, ಜವೆ ಗೋಧಿ ಹಿಟ್ಟು 150 ಗ್ರಾಂ, ಯೀಸ್ಟ್ ಹಿಟ್ಟು 100 ಗ್ರಾಂ, ನೀರು ಸುಮಾರು 340 ಗ್ರಾಂ, ಉಪ್ಪು 10 ಗ್ರಾಂ. ನಾದಿ 4-5 ತಾಸು ಬಿಡಿ. ಎಣ್ಣೆ ಸವರಿದ ಡಬ್ಬಿಗೆ ಹಾಕಿ ಮತ್ತೆ ಒಂದೂವರೆ ತಾಸು. 220 ಡಿಗ್ರಿ ಓವನ್‌ನಲ್ಲಿ ಸುಮಾರು 40 ನಿಮಿಷ. ಪೂರ್ತಿ ಆರಿದ ಮೇಲೆ ಕೊಯ್ಯಿರಿ.

ಜವೆ ಗೋಧಿಯ ಅಂಟು ಬಲ ಕಡಿಮೆ. ಅದನ್ನೊಂದೇ ಹಾಕಿದರೆ ಬ್ರೆಡ್ ಚೆನ್ನಾಗಿ ಏಳಲ್ಲ. ಹಾಗಂತ ಅದರಲ್ಲಿ ಗ್ಲುಟನ್ ಇಲ್ಲ ಅಂತ ಹೇಳಿ ಮಾರಬೇಡ್ರಿ, ಇದೆ. ಗ್ಲುಟನ್ ಆಗದವರಿಗೆ ತೊಂದರೆ ಆಗುತ್ತೆ. ಮಾರೋದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ.

ಈಗ ಹೇಗಿದೆ?

ತಿಂಗಳಾದ ಮೇಲೆ ಅದೇ ಎಂಟು ಮನೆಗೆ ಒಂದೊಂದು ಬ್ರೆಡ್ ಪುಕ್ಕಟೆ ಕೊಟ್ಟು ಬಂದೆ. ಐದು ಮನೆಯವರು ಮತ್ತೆ ಹೇಳಿಕಳಿಸಿದರು. ಈಗ ಪ್ರತಿ ಶನಿವಾರ ಎಂಟು ಬ್ರೆಡ್ ಹೋಗ್ತವೆ. ಗೋಧಿ ಇನ್ನೂ ಪೂರ್ತಿ ಖಾಲಿಯಾಗಿಲ್ಲ, ಆದ್ರೆ ಸಾದಾ ರೇಟಿಗೆ ಕೊಡೋ ಗರಜು ಬಿದ್ದಿಲ್ಲ.

ಶುಕ್ರವಾರ ರಾತ್ರಿ 100 ಗ್ರಾಂ ಯೀಸ್ಟ್ ಹಿಟ್ಟಿಗೆ 400 ಗ್ರಾಂ ಹಿಟ್ಟು, 400 ಗ್ರಾಂ ನೀರು ಹಾಕಿಡ್ತೀನಿ. ಬೆಳಿಗ್ಗೆ 800 ಗ್ರಾಂ ಬ್ರೆಡ್‌ಗೆ, 100 ಗ್ರಾಂ ಮತ್ತೆ ಬಾಟಲಿಗೆ. ಅದಕ್ಕೆ ಹಿಟ್ಟು-ನೀರು ಹಾಕಿ ಫ್ರಿಜ್‌ನಲ್ಲಿಟ್ಟರೆ ವಾರ ತಡೆಯುತ್ತೆ. ಬಿತ್ತೋ ಬೀಜ ಉಣ್ಣಬಾರದು ಅಂತಾರಲ್ಲ, ಇಲ್ಲೂ ಹಂಗೇ. ನಾದೋ ಮೊದಲು ಆ 100 ಗ್ರಾಂ ತೆಗೆದಿಡೋದು ಮರೀಬೇಡ್ರಿ.