ಸೋಲಾರ್ ಪ್ಯಾನಲ್ ಮೇಲಿನ ಧೂಳು ಎಷ್ಟು ಯೂನಿಟ್ ತಿನ್ನುತ್ತೆ?

ಇವತ್ತಿನ ಎಪಿಸೋಡ್ ಶುರುವಾಗಿದ್ದು ನಮ್ಮಪ್ಪನ ಒಂದು ಫೋನ್‌ನಿಂದ.

"ಮೋಸ ಹೋದ್ವಿ ಕಣೋ. ಫೆಬ್ರವರಿಯಲ್ಲಿ ದಿನಕ್ಕೆ 13 ಯೂನಿಟ್ ಬರ್ತಿತ್ತು, ಈಗ 11 ದಾಟ್ತಿಲ್ಲ" ಅಂದ್ರು. ನಮ್ಮ ಮನೆ ಇರೋದು ತುಮಕೂರಿನ ಹತ್ತಿರ. ಸಾಲ ಮಾಡಿ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೀವಿ, ಕಂತು ಕಟ್ತಿರೋದು ಅಪ್ಪ. ಮನೆ ಪಕ್ಕ ರಸ್ತೆ ಅಗಲ ಮಾಡೋ ಕೆಲಸ ನಡೀತಿದೆ, ಹಾಗಾಗಿ ನನ್ನ ಅನುಮಾನ ಧೂಳಿನ ಮೇಲೆ. ಆದ್ರೆ ನಾನು ಬಿ.ಕಾಂ ಓದಿದವನು, ಲೆಕ್ಕ ನೋಡದೆ ನಂಬಲ್ಲ.

ಕಷ್ಟ ಏನಂದ್ರೆ, ಯೂನಿಟ್ ಕಡಿಮೆಯಾಗೋಕೆ ಧೂಳೊಂದೇ ಕಾರಣ ಅಲ್ಲ. ಮೋಡ ಇರಬಹುದು, ಹೊಸದಾಗಿ ನೆರಳು ಬಿದ್ದಿರಬಹುದು, ಬಿಸಿಲಿನ ಶಾಖವೂ ಇರಬಹುದು. ಹೌದು, ಪ್ಯಾನಲ್‌ಗೆ ಬೆಳಕು ಬೇಕು, ಶಾಖ ಬೇಡ. ಸೆಲ್‌ನ ತಾಪ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಸಾಮರ್ಥ್ಯ ಇಳಿಯುತ್ತೆ. ಹಾಗಾದ್ರೆ ಧೂಳಿನ ಪಾಲು ಎಷ್ಟು ಅಂತ ಬೇರೆ ಮಾಡೋದು ಹೇಗೆ?

ದೊಡ್ಡ ಘಟಕಗಳಲ್ಲಿ ಇದಕ್ಕೊಂದು ಸರಳ ಉಪಾಯ ಇದೆ. ಒಂದೇ ತರದ ಎರಡು ಪ್ಯಾನಲ್ ಅಕ್ಕಪಕ್ಕ ಇಡ್ತಾರೆ. ಒಂದನ್ನ ದಿನಾ ಒರೆಸ್ತಾರೆ, ಇನ್ನೊಂದನ್ನ ಹಾಗೇ ಬಿಡ್ತಾರೆ. ಬಿಸಿಲು, ಶಾಖ ಎರಡಕ್ಕೂ ಒಂದೇ. ಹಾಗಾಗಿ ಕರೆಂಟ್‌ನಲ್ಲಿ ಬರೋ ವ್ಯತ್ಯಾಸ ಹೆಚ್ಚುಕಮ್ಮಿ ಧೂಳಿನದ್ದೇ. ಕೊಳೆಯಾದದ್ದನ್ನ ಶುಭ್ರವಾದದ್ದರಿಂದ ಭಾಗಿಸಿದ್ರೆ ಸಿಗೋದೇ 'ಸಾಯ್ಲಿಂಗ್ ರೇಶಿಯೋ'. ಅದು 0.95 ಅಂದ್ರೆ ಶೇ 5 ಧೂಳಿನ ಪಾಲು.

ನಮ್ಮ ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕ್ ನೋಡಿ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿ ಬರೀ ಶೇ 1 ಹೋದ್ರೂ 20 ಮೆಗಾವ್ಯಾಟ್ ಘಟಕವೊಂದು ಮುಚ್ಚಿದಂಗೆ. ಹಾಗಂತ ದಿನಾ ತೊಳೆಯೋಣ ಅಂದ್ರೆ ಅದು ಬರದ ತಾಲ್ಲೂಕು, ನೀರಿಗೇ ತತ್ವಾರ. ಅದಕ್ಕೇ ಯಾವಾಗ ತೊಳೆದ್ರೆ ಲಾಭ ಅನ್ನೋ ಲೆಕ್ಕ ಮುಖ್ಯ.

ನಮ್ಮನೆಯಲ್ಲಿ ಎಲ್ಲಾ ಪ್ಯಾನಲ್ ಒಂದೇ ಸಾಲಲ್ಲಿ ಜೋಡಿಸಿರೋದ್ರಿಂದ ಬಿಡಿಬಿಡಿಯಾಗಿ ಅಳೆಯೋಕಾಗಲ್ಲ. ಹಾಗಾಗಿ ಇನ್ವರ್ಟರ್ ಆ್ಯಪ್ ಹಿಡ್ಕೊಂಡೆ. ಮೋಡ ಇಲ್ಲದ ಎರಡು ದಿನ ಯೂನಿಟ್ ಬರ್ಕೊಂಡ್ವಿ. ಮಾರನೇ ದಿನ ಬೆಳಗಿನ ಜಾವ ತೊಳೆದ್ವಿ. ಆಮೇಲೆ ಮತ್ತೆ ಎರಡು ಶುಭ್ರ ದಿನ ಬರ್ಕೊಂಡ್ವಿ. 11 ಇದ್ದದ್ದು 12.3 ಆಯ್ತು. ಅಂದ್ರೆ ಧೂಳು ತಿಂತಿದ್ದದ್ದು 1.3 ಯೂನಿಟ್. ತೊಳೆದ ಮೇಲೂ 13ಕ್ಕೆ ಬರಲಿಲ್ಲ, ಆ ಉಳಿದದ್ದರಲ್ಲಿ ಬೇಸಿಗೆ ಶಾಖದ ಪಾಲಿದೆ. ಪ್ಯಾನಲ್ ಕೆಟ್ಟಿರಲಿಲ್ಲ, ಅಪ್ಪ ಮೋಸ ಹೋಗಿರಲಿಲ್ಲ.

ಈಗ ದುಡ್ಡಿನ ಲೆಕ್ಕ. ಯೂನಿಟ್‌ಗೆ 6 ರೂಪಾಯಿ ಹಿಡಿದ್ರೆ ದಿನಕ್ಕೆ 7.80, ತಿಂಗಳಿಗೆ 234 ರೂಪಾಯಿ. ಕ್ಲೀನಿಂಗ್‌ನವರು ಒಂದು ಸಲಕ್ಕೆ ಕೇಳಿದ್ದು 600! ಧೂಳು ಮತ್ತೆ ಕೂರೋದ್ರಿಂದ ಆ 234 ಕೂಡ ಪೂರ್ತಿ ಸಿಗಲ್ಲ. ಹಾಗಾಗಿ ತಿಂಗಳು ತಿಂಗಳು ದುಡ್ಡು ಕೊಟ್ಟು ತೊಳೆಸಿದ್ರೆ ನಷ್ಟ. ನಾವೇ ಉದ್ದ ಕೋಲಿಗೆ ಮೆತ್ತನೆ ಬ್ರಷ್ ಕಟ್ಟಿ ತೊಳೀತೀವಿ. ಮಳೆಗಾಲದಲ್ಲಿ ಒಳ್ಳೆ ಮಳೆ ಬಂದ್ರೆ ಆ ಕೆಲಸವೂ ಹೆಚ್ಚುಕಮ್ಮಿ ಮುಗಿದಂಗೆ. ಹಕ್ಕಿ ಹಿಕ್ಕೆಯನ್ನ ಮಾತ್ರ ಹಾಗೇ ಬಿಡಬೇಡಿ. ಅದು ಒಂದೇ ಸೆಲ್ ಮುಚ್ಚಿ ಆ ಜಾಗ ಕಾಯೋ ಹಾಗೆ ಮಾಡುತ್ತೆ.

ಇನ್ನೊಂದು ಮಾತು. ಆವತ್ತು ನಾನು ಫೋನ್ ಎತ್ತದೇ ಇದ್ದಿದ್ರೆ ಅಪ್ಪ ಮಟಮಟ ಮಧ್ಯಾಹ್ನ ಪೈಪ್ ಹಿಡ್ಕೊಂಡು ಮೇಲೆ ಹತ್ತೋರಿದ್ರು. ದಯವಿಟ್ಟು ಬೇಡ. ಕಾದ ಗಾಜಿಗೆ ತಣ್ಣೀರು ಬಿದ್ರೆ ಬಿರುಕು ಬಿಡಬಹುದು, ಮೇಲಾಗಿ ಬಿಸಿಲಲ್ಲಿ ವೈರ್‌ಗಳಲ್ಲಿ ಕರೆಂಟ್ ಇರುತ್ತೆ. ಪ್ಯಾನಲ್ ಮೇಲೆ ಕಾಲಿಡಲೇಬೇಡಿ. ಬೋರ್‌ವೆಲ್ ಗಡಸು ನೀರಾದ್ರೆ ತಕ್ಷಣ ವೈಪರ್‌ನಿಂದ ಎಳೀರಿ, ಇಲ್ಲಾಂದ್ರೆ ಬಿಳಿ ಕಲೆ ಕೂರುತ್ತೆ.

ಈಗ ಅಪ್ಪ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್‌ನಲ್ಲೇ ಯೂನಿಟ್ಟೂ ಬರೀತಾರೆ. ನಿಮ್ಮನೆ ಮೇಲೂ ಪ್ಯಾನಲ್ ಇದ್ರೆ ಇವತ್ತೇ ಆ್ಯಪ್ ತೆಗೆದು ನೋಡಿ, ಬರೆದಿಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.