ಬಳ್ಳಾರಿ ನಗರದ ಬಾಳು ಮತ್ತು ಸ್ವಭಾವ

ಒಂದು ನಾಡಿನ ಮುಖ್ಯಪಟ್ಟಣವು ಸಾಮಾನ್ಯವಾಗಿ ನದಿಯ ದಡದಲ್ಲಿಯೋ, ಕಡಲ ಬಂದರಿನಲ್ಲಿಯೋ, ಪ್ರಸಿದ್ಧ ದೇವಾಲಯವೊಂದರ ಸುತ್ತಲೋ ಬೆಳೆದಿರುವುದುಂಟು. ಬಳ್ಳಾರಿಯು ಈ ಮೂರು ವರ್ಗಗಳಲ್ಲಿ ಯಾವುದಕ್ಕೂ ಸೇರಿದುದಲ್ಲ. ಹಗರಿಯು ಊರನ್ನು ಮುಟ್ಟದೆ ಪೂರ್ವದಲ್ಲಿ ಹರಿದುಹೋಗುತ್ತದೆ. ತುಂಗಭದ್ರೆಯು ಇನ್ನೂ ದೂರದಲ್ಲಿದೆ. ಸುತ್ತಲೂ ಎರೆಮಣ್ಣಿನ ವಿಶಾಲವಾದ ಬಯಲು. ನಡುವೆ ಬೋಳುಬಂಡೆಯ ಎರಡು ಗುಡ್ಡಗಳು. ಬಯಲಿನಿಂದ ಒಮ್ಮೆಲೇ ಮೇಲೆದ್ದು ನಿಂತ ಇಂತಹ ಒಂಟಿ ಗುಡ್ಡಕ್ಕೆ ಭೂಗೋಳಶಾಸ್ತ್ರಜ್ಞರು 'ಇನ್ಸೆಲ್‌ಬರ್ಗ್' ಎಂಬ ಜರ್ಮನ್ ಹೆಸರನ್ನು ಕೊಟ್ಟಿದ್ದಾರೆ; 'ದ್ವೀಪಗಿರಿ' ಎಂದು ಅದರ ಅರ್ಥ. ಸಮುದ್ರದಿಂದ ಬಹುದೂರವಿರುವ ಬಳ್ಳಾರಿಯನ್ನು ಒಂದು ದ್ವೀಪದ ಪಟ್ಟಣವೆಂದು ಭಾವಿಸಿ ಅದರ ಚರಿತ್ರೆಯನ್ನು ನೋಡಿದರೆ ಅನೇಕ ಸಂಗತಿಗಳು ಸ್ಪಷ್ಟವಾಗುತ್ತವೆ. ದ್ವೀಪದ ಪಟ್ಟಣಕ್ಕೆ ಅನ್ನ, ನೀರು, ಜನ, ಮಾತು ಎಲ್ಲವೂ ಹೊರಗಿನಿಂದ ಬರಬೇಕು. ಬಳ್ಳಾರಿಯ ಬಾಳೂ ಹಾಗೆಯೇ ರೂಪುಗೊಂಡಿತೆಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಬಯಲಿನ ನಡುವಣ ಕಲ್ಲುಗುಡ್ಡವನ್ನು ಮನುಷ್ಯನು ಆಶ್ರಯಿಸಿದುದು ಈ ಸೀಮೆಯಲ್ಲಿ ಹೊಸದೇನೂ ಅಲ್ಲ. ನಗರದ ಸಮೀಪದಲ್ಲಿರುವ ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನರು ವಾಸವಾಗಿದ್ದು, ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದರು. ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳನ್ನು ಕೊರೆದಿದ್ದರು. ರಾಬರ್ಟ್ ಬ್ರೂಸ್ ಫೂಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೆಲೆಗಳನ್ನು ವಿದ್ವಾಂಸರ ಗಮನಕ್ಕೆ ತಂದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿಯೂ ಅದೇ ಯುಗದ ವಸತಿಯನ್ನು ಅಗೆದು ತೆಗೆಯಲಾಗಿದೆ. ಅದೇ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನ ಶಾಸನಗಳು ದೊರೆತಿವೆ. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ನೆಲೆಯಾಗಿತ್ತು; ಅಲ್ಲಿಯ ಬೆಟ್ಟ, ಕೋಟೆ, ಹಳೆಯ ದೇವಾಲಯಗಳು, ಏಕಶಿಲೆಯ ದೊಡ್ಡ ಬಸವ ಇವೆಲ್ಲವೂ ಒಂದು ಕಾಲದ ಸಂಪತ್ತಿಗೆ ಸಾಕ್ಷಿಯಾಗಿವೆ. ಈ ಹಿರಿಯ ನೆಲೆಗಳ ಪಕ್ಕದಲ್ಲಿಟ್ಟು ನೋಡಿದಾಗ ನಗರವಾಗಿ ಬಳ್ಳಾರಿಯು ಕಿರಿಯದೆಂದೇ ಹೇಳಬೇಕು.

ಊರಿನ ಹೆಸರಿನ ಬಗೆಗೆ ಜನರಲ್ಲಿ ಹಲವು ಕಥೆಗಳಿವೆ. ಬಲನೆಂಬ ಅಸುರನನ್ನು ಕೊಂದ ಇಂದ್ರನಿಂದ 'ಬಲಾರಿ' ಎಂಬ ಹೆಸರು ಬಂದಿತೆಂಬುದು ಒಂದು. ಲಿಂಗವು ದೊರೆಯದಾಗ ಕಾಳು ಅಳೆಯುವ ಬಳ್ಳವನ್ನೇ ಬೋರಲಾಗಿ ಇಟ್ಟು ಪೂಜಿಸಿದರೆಂಬುದು ಇನ್ನೊಂದು. ಈ ಕಥೆಗಳನ್ನು ಇತಿಹಾಸವೆಂದು ಸ್ವೀಕರಿಸುವಂತಿಲ್ಲ. ಆದರೂ ಬೆಳೆಯುವ ನೆಲಕ್ಕಿಂತ ಅಳೆಯುವ ಬಳ್ಳವನ್ನು ಊರಿನ ಗುರುತಾಗಿ ಜನರು ಭಾವಿಸಿದುದು ಗಮನಾರ್ಹವಾಗಿದೆ.

ಬಳ್ಳಾರಿ ಗುಡ್ಡದ ಮೇಲಿನ ಕೋಟೆಯನ್ನು ವಿಜಯನಗರದ ಅಧೀನನಾಗಿದ್ದ ಹನುಮಪ್ಪನಾಯಕನು ಕಟ್ಟಿಸಿದನೆಂದು ಪ್ರತೀತಿ. ಮುಂದೆ ಹೈದರಾಲಿಯು ಇದನ್ನು ವಶಪಡಿಸಿಕೊಂಡು ಕೆಳಗಿನ ಕೋಟೆಯನ್ನು ನಿರ್ಮಿಸಿದನು. ಪಕ್ಕದ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿರುವುದನ್ನು ಗಮನಿಸಲಿಲ್ಲವೆಂದು ಅವನು ಫ್ರೆಂಚ್ ಶಿಲ್ಪಿಯನ್ನು ಗಲ್ಲಿಗೇರಿಸಿದನೆಂಬ ಐತಿಹ್ಯವು ಇಂದಿಗೂ ಪ್ರಚಾರದಲ್ಲಿದೆ. ೧೭೯೨ರಲ್ಲಿ ನಿಜಾಮನ ಪಾಲಿಗೆ ಬಂದ ಈ ಸೀಮೆಯನ್ನು ಅವನು ೧೮೦೦ರಲ್ಲಿ ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. 'ದತ್ತಮಂಡಲ' ಎಂಬ ಹೆಸರು ಬಂದುದು ಹೀಗೆ. ಥಾಮಸ್ ಮನ್ರೋ ಇದರ ಮೊದಲ ಮುಖ್ಯ ಕಲೆಕ್ಟರನಾಗಿ ರೈತವಾರಿ ಪದ್ಧತಿಯನ್ನು ಬೆಳೆಸಿದನು. ೧೮೦೮ರಲ್ಲಿ ಬಳ್ಳಾರಿ ಜಿಲ್ಲೆಯು ಏರ್ಪಟ್ಟಿತು. ೧೮೮೨ರಲ್ಲಿ ಅನಂತಪುರವು ಅದರಿಂದ ಬೇರೆಯಾಯಿತು.

ದಂಡು, ಕಚೇರಿ, ನ್ಯಾಯಾಲಯ, ಸೆರೆಮನೆ, ರೈಲುನಿಲ್ದಾಣ - ಈ ಸಂಸ್ಥೆಗಳೇ ಆಧುನಿಕ ಬಳ್ಳಾರಿಯನ್ನು ನಿರ್ಮಿಸಿದವು. ಇವುಗಳನ್ನು ಹಿಂಬಾಲಿಸಿ ಸಿಪಾಯಿಗಳು, ಗುಮಾಸ್ತರು, ವಕೀಲರು, ಹತ್ತಿಯ ವ್ಯಾಪಾರಿಗಳು ಬಂದು ನೆಲೆಸಿದರು. ಕನ್ನಡ, ತೆಲುಗು, ಉರ್ದು, ಮರಾಠಿ, ತಮಿಳು ಮಾತುಗಳು ಒಂದೇ ಪೇಟೆಯಲ್ಲಿ ಕೇಳಿಬಂದವು. ೧೮೧೦ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿ ಕನ್ನಡವನ್ನು ಕಲಿತು ಬೈಬಲಿನ ಅನುವಾದವನ್ನು ಕೈಗೊಂಡನು. ವಕೀಲರ ವರ್ಗವು ಊರಿಗೆ ರಂಗಭೂಮಿಯನ್ನು ತಂದಿತು. ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು ಮತ್ತು ಬಳ್ಳಾರಿ ರಾಘವರು (೧೮೮೦-೧೯೪೬) ಮೂವರೂ ವಕೀಲರೇ. ಹಗಲು ನ್ಯಾಯಾಲಯದಲ್ಲಿ ವಾದಿಸಿದವರು ರಾತ್ರಿ ನಾಟಕಶಾಲೆಯಲ್ಲಿ ನಿಲ್ಲುತ್ತಿದ್ದರು. ತೆಲುಗು ನಾಟಕಕ್ಕೆ ಹೊಸ ಯುಗವನ್ನು ತಂದ ಇದೇ ಊರಿನಲ್ಲಿ ೧೯೨೬ರಲ್ಲಿ ಫ. ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿಯೂ, ೧೯೩೮ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಳನಗಳು ಸೇರಿದವು.

ಎರಡು ಭಾಷೆಗಳ ಈ ಸಹವಾಸವೇ ಮುಂದೆ ಕಠಿಣವಾದ ಪ್ರಶ್ನೆಯಾಗಿ ಪರಿಣಮಿಸಿತು. ೧೯೫೩ರಲ್ಲಿ ಮದರಾಸು ರಾಜ್ಯವನ್ನು ವಿಭಜಿಸುವಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರುವುದೆಂದೂ, ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ ಸೇರುವುದೆಂದೂ ನಿಶ್ಚಯವಾಯಿತು. ಬಳ್ಳಾರಿ ತಾಲ್ಲೂಕಿನ ವಿಷಯವು ಮಾತ್ರ ಇತ್ಯರ್ಥವಾಗದೆ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ಪರಿಶೀಲನೆಗೆ ಹೋಯಿತು. ಹಳ್ಳಿಗಳ ಮಟ್ಟಿಗೆ ಸುಲಭವಾಗಿದ್ದ ಉತ್ತರವು ನಗರದ ಮಟ್ಟಿಗೆ ಕಷ್ಟವಾದುದಕ್ಕೆ ಕಾರಣವು ನಗರದ ಸ್ವಭಾವದಲ್ಲಿಯೇ ಇದೆ. ಮನೆಮಾತನ್ನು ಮಾತ್ರ ಎಣಿಸಿದರೆ ಇಲ್ಲಿಯ ಜನರನ್ನು ಒಂದೇ ಪಟ್ಟಿಗೆ ಸೇರಿಸುವುದು ಅಸಾಧ್ಯವಾಗಿತ್ತು. ಆದರೆ ಸುತ್ತಣ ತಾಲ್ಲೂಕುಗಳೊಡನೆ ಊರಿಗಿದ್ದ ಸಂಬಂಧವನ್ನು ಕಡಿದು ನೋಡುವುದೂ ಸರಿಯಾಗುತ್ತಿರಲಿಲ್ಲ. ಕೊನೆಗೆ ೧೯೫೩ನೆಯ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರು ರಾಜ್ಯದಲ್ಲಿ ಸೇರಿತು. ಗಡಿಯು ಸ್ಥಿರವಾದರೂ ಪೇಟೆಯ ಮಾತು ಬದಲಾಗಲಿಲ್ಲ. ಇಂದಿಗೂ ಬಳ್ಳಾರಿಯ ವರ್ತಕನು ಗಿರಾಕಿಯ ಮಾತನ್ನು ಕೇಳಿ ತನ್ನ ಮಾತನ್ನು ಆರಿಸಿಕೊಳ್ಳುತ್ತಾನೆ.

ಅನ್ನ ಮತ್ತು ನೀರಿನ ವಿಷಯವೂ ಇದೇ ಸಂಬಂಧವನ್ನು ತೋರಿಸುತ್ತದೆ. ೧೮೭೬-೭೮ರ ಘೋರಕ್ಷಾಮದಲ್ಲಿ ಅತಿಯಾಗಿ ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಜೋಳ ಮತ್ತು ಹತ್ತಿಗಳ ಈ ಬಯಲು ಮಳೆಯನ್ನೇ ನಂಬಿತ್ತು. ಸಿರುಗುಪ್ಪದ ಸ್ಥಿತಿ ಬೇರೆ. ಅಲ್ಲಿ ತುಂಗಭದ್ರೆಯು ಕವಲೊಡೆದು ದೇಶನೂರಿನ ದ್ವೀಪವನ್ನು ಬಳಸಿ ಹರಿಯುತ್ತದೆ. ಹಳೆಯ ಅಣೆಕಟ್ಟುಗಳ ಕಾಲುವೆಗಳಿಂದ ಬತ್ತದ ಬೆಳೆ ಮೊದಲಿನಿಂದಲೂ ನಡೆದುಬಂದಿದೆ. ೧೯೫೩ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿದ ಮೇಲೆ ಕುರುಗೋಡು, ಸಿರುಗುಪ್ಪಗಳ ಒಣನೆಲವೂ ಬತ್ತದ ಗದ್ದೆಯಾಯಿತು. ಬಳ್ಳಾರಿಯ ಕುಡಿಯುವ ನೀರಿಗೂ ಅದೇ ಕಾಲುವೆಯು ಆಧಾರವಾಯಿತು. ೨೦೨೪ರ ಆಗಸ್ಟ್‌ನಲ್ಲಿ ಜಲಾಶಯದ ೧೯ನೆಯ ತೂಬುಬಾಗಿಲು ಕೊಚ್ಚಿಹೋದಾಗ ಗದ್ದೆಯ ರೈತನೂ ನಗರದ ಗೃಹಸ್ಥನೂ ಸಮಾನವಾಗಿ ಕಳವಳಗೊಂಡುದು ಸಹಜವೇ ಆಗಿದೆ.

ಈ ಸಂಬಂಧವನ್ನು ಮರೆತರೆ ಆಗುವ ಹಾನಿ ಸಣ್ಣದಲ್ಲ. ಸಂಡೂರಿನ ಕಬ್ಬಿಣದ ಅದಿರಿನ ವ್ಯಾಪಾರವು ೨೧ನೆಯ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಗೆ ಸಂಪತ್ತನ್ನೂ ಅಪಖ್ಯಾತಿಯನ್ನೂ ತಂದಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ತಡೆಯಬೇಕಾಯಿತು. ಹೊರಗಿನವರ ಕಣ್ಣಿಗೆ ಬಳ್ಳಾರಿಯೆಂದರೆ ಗಣಿ ಎಂಬಷ್ಟೇ ಉಳಿಯಿತು. ನಗರದ ಅಂಚಿನ ಗುಡ್ಡಗಳು ಕಲ್ಲುಕ್ವಾರಿಗಳಿಗೆ ತುತ್ತಾಗುತ್ತಿವೆ; ಸಂಗನಕಲ್ಲಿನ ನೆಲೆಗೂ ಇದರಿಂದ ಪೆಟ್ಟು ಬಿದ್ದಿದೆ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಉಳಿದವು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳು. ಹಂಪೆಯ ಕೀರ್ತಿಯನ್ನು ಆಶ್ರಯಿಸಿ ಜಿಲ್ಲೆಯ ಚರಿತ್ರೆಯನ್ನು ಹೇಳುವ ವಾಡಿಕೆಯನ್ನು ಬಿಟ್ಟು ಈ ತಾಲ್ಲೂಕುಗಳದೇ ಚರಿತ್ರೆಯನ್ನು ಬರೆಯಬೇಕಾದ ಕಾಲ ಒದಗಿದೆ.

ಇದಕ್ಕೆ ಬೇಕಾದ ಸಾಮಗ್ರಿಯಲ್ಲಿ ಹೆಚ್ಚಿನದು ಶಾಸನಗಳಲ್ಲಿಲ್ಲ. ಹತ್ತಿಯ ಮಂಡಿಗಳ ಖಾತೆಪುಸ್ತಕಗಳು, ನಾಟಕಸಭೆಗಳ ಕರಪತ್ರಗಳು, ೧೯೫೩ರ ಚಳವಳಿಯನ್ನು ಕಂಡವರ ಮನೆಗಳಲ್ಲಿರುವ ಕಾಗದಪತ್ರಗಳು, ಕಾಲುವೆ ಬರುವ ಮೊದಲಿನ ಬೇಸಾಯವನ್ನು ಬಲ್ಲ ಹಿರಿಯರ ನೆನಪು - ಇವೇ ಆಧಾರಗಳು. ಇವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಈ ಹಳ್ಳಿಗಳಿಂದಲೂ ಈ ಪೇಟೆಯ ಕೇರಿಗಳಿಂದಲೂ ಬಂದವರೇ ಆಗಿದ್ದಾರೆ. ಅಧ್ಯಾಪಕರ ಮಾರ್ಗದರ್ಶನದಲ್ಲಿ ಅವರು ತಮ್ಮ ತಮ್ಮ ಊರುಗಳ ಸಾಮಗ್ರಿಯನ್ನು ಸಂಗ್ರಹಿಸತೊಡಗಿದರೆ ಬಳ್ಳಾರಿಯ ನಿಜವಾದ ಚರಿತ್ರೆಗೆ ತಳಹದಿ ಬಿದ್ದಂತಾಗುತ್ತದೆ.